ಅಪ್ಪ ಈರುಳ್ಳಿ ಅಕ್ಕನಿಗೆ ಹೇಳಿದ ಅರ್ಥ

ಅಮ್ಮನ ಮಂಡಿನೋವಿಗೆಂದು ಮೈಸೂರಿನ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗಿದ್ದೆ. ಟೋಕನ್ ಹಿಡಿದು ಕಾಯುತ್ತಿದ್ದಾಗ ಪಕ್ಕದ ಕುರ್ಚಿಗೆ ಒಬ್ಬ ತಾಯಿ ಬಂದು ಕೂತಳು. ತೊಡೆಯ ಮೇಲೆ ಪುಟ್ಟ ಮಗು, ಅದರ ಕತ್ತು ಒಂದು ಕಡೆಗೆ ವಾಲಿತ್ತು. ಮಗುವಿನ ಮೈಯಿಂದ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆಯ ವಾಸನೆ ಬಂತು. ಎದುರಿನ ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ 'ಡೆವಲಪ್‌ಮೆಂಟ್' ಎಂದು ಬರೆದಿತ್ತು. ಅಲ್ಲಿಯವರೆಗೆ ಆ ಬೋರ್ಡನ್ನು ಸುಮ್ಮನೆ ನೋಡಿಕೊಂಡು ಕೂತಿದ್ದ ನನಗೆ ಆ ವಾಸನೆ ಬಂದ ಮೇಲೆ ಅತ್ತ ಕಣ್ಣೆತ್ತಲಾಗಲಿಲ್ಲ. ಅಮ್ಮನಿಗೂ ನೆನಪಾಗಿರಬೇಕು.

"ನಮ್ಮ ಈರುಳ್ಳಿಯವಳು…" ಎಂದು ಶುರು ಮಾಡಿ ಅಷ್ಟಕ್ಕೇ ನಿಲ್ಲಿಸಿದಳು.  ನಮ್ಮ ಮನೆಯಲ್ಲಿ ಆ ಹೆಸರು ಬಂದಾಗಲೆಲ್ಲ ಮಾತು ಅಷ್ಟಕ್ಕೇ ನಿಲ್ಲುವುದು ರೂಢಿ.

ದೊಡ್ಡವರಿಗೆ ಆಕೆ ಈರುಳ್ಳಿಯವಳು, ಮಕ್ಕಳಾದ ನಮಗೆ ಈರುಳ್ಳಿ ಅಕ್ಕ. ತೊಂಬತ್ತರ ದಶಕದ ಮೊದಲ ವರ್ಷಗಳು. ಗುಂಡ್ಲುಪೇಟೆಯಲ್ಲಿ ನಮ್ಮ ಮನೆ ಈರುಳ್ಳಿ ಮಂಡಿಗಳ ಹಿಂದಿನ ಬೀದಿಯಲ್ಲಿತ್ತು. ಬೆಳಗಾದರೆ ಕೇರಳಕ್ಕೆ ಹೋಗುವ ಲಾರಿಗಳು ಸಾಲಾಗಿ ನಿಂತು ಗುರುಗುಟ್ಟುತ್ತಿದ್ದವು. ಆಕೆ ಮಂಡಿಯ ಕಟ್ಟೆಯ ಮೇಲೆ ಬೇರೆ ಹೆಂಗಸರ ಜೊತೆ ಕೂತು ಸಣ್ಣೀರುಳ್ಳಿ ಆಯುತ್ತಿದ್ದಳು. ಕೊಳೆತದ್ದು ಬೇರೆ, ಮೊಳೆತದ್ದು ಬೇರೆ. ಗಂಡ ಅದೇ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಆಕೆಯ ತವರು ಉಮ್ಮತ್ತೂರು, ಗಂಡನದು ಹರವೆ. ಕೆಲಸಕ್ಕಾಗಿ ಬಂದು ನಮ್ಮ ಬೀದಿಯ ಕೊನೆಯಲ್ಲಿ ಒಂದು ಶೀಟಿನ ಮನೆಯಲ್ಲಿದ್ದರು. ಇಬ್ಬರು ಮಕ್ಕಳು. ದೊಡ್ಡವಳು ಆರೇಳು ವರ್ಷದ ಹುಡುಗಿ, ಸದಾ ತಮ್ಮನನ್ನು ಸೊಂಟದ ಮೇಲೆ ಹೊತ್ತಿರುತ್ತಿದ್ದಳು. ಆ ತಮ್ಮನಿಗೆ ಮೂರು ವರ್ಷ ತುಂಬಿದರೂ ನಿಲ್ಲಲು ಬರುತ್ತಿರಲಿಲ್ಲ, ಮಾತಂತೂ ಇಲ್ಲವೇ ಇಲ್ಲ. ಈರುಳ್ಳಿ ಮೂಟೆಗೆ ಒರಗಿಸಿ ಕೂರಿಸಿದರೆ ಕೂರುತ್ತಿದ್ದ. ಯಾರು ಹತ್ತಿರ ಹೋದರೂ ನಗುತ್ತಿದ್ದ. ಸಂಜೆ ಹೊತ್ತು ಆಕೆ ಮನೆ ಮುಂದೆ ಕೂತು ಅವನ ಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದರೆ ಬೀದಿಯೆಲ್ಲ ಬೆಳ್ಳುಳ್ಳಿಯ ಘಮ.

ಅಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಬೀದಿಯಲ್ಲಿ ಯಾರಿಗೆ ಇಂಗ್ಲಿಷಿನ ಕಾಗದ ಬಂದರೂ, ಔಷಧದ ಬಾಟಲಿ ಮೇಲೆ ಏನಿದೆ ಎಂದು ತಿಳಿಯಬೇಕಾದರೂ ನಮ್ಮ ಜಗಲಿಗೇ ಬರುತ್ತಿದ್ದರು. ಅಪ್ಪ ಕನ್ನಡಕ ಏರಿಸಿ, ಸಾವಧಾನವಾಗಿ ಓದಿ, ಕನ್ನಡದಲ್ಲಿ ಹೇಳುತ್ತಿದ್ದರು. ಅವರು ಹೇಳಿದ ಮೇಲೆ ಅದರ ಬಗ್ಗೆ ಎರಡನೆಯ ಮಾತಿರಲಿಲ್ಲ. ಈರುಳ್ಳಿ ಅಕ್ಕ ಬಂದರೆ ಜಗಲಿಯ ಕೆಳಗಿನ ಮೆಟ್ಟಿಲಿನ ಮೇಲೆ ಕೂರುತ್ತಿದ್ದಳು. ಆಕೆಗೆ ಕಾಫಿ ಕೊಡುವ ಲೋಟ ಒಳಗೆ ಬರುತ್ತಿರಲಿಲ್ಲ, ಜಗಲಿಯ ಗೂಡಿನಲ್ಲೇ ಇರುತ್ತಿತ್ತು. ಅದನ್ನು ಆಗ ನಾನು ಗಮನಿಸಿದ್ದೂ ಇಲ್ಲ…

ಡೆವಲಪ್ ಎಂಬ ಮಾತು ಆಗ ಗುಂಡ್ಲುಪೇಟೆಯಲ್ಲಿ ಎಲ್ಲರ ಬಾಯಲ್ಲೂ ಇತ್ತು. ಮಂಡಿಯವನು ಎರಡನೆಯ ಲಾರಿ ಕೊಂಡರೆ ಡೆವಲಪ್ ಆಗ್ಬುಟ್ಟ ಅನ್ನುತ್ತಿದ್ದರು. ಹೈವೇ ಪಕ್ಕ ಹೊಸ ಹೋಟೆಲು ಎದ್ದರೆ ಊರು ಡೆವಲಪ್ ಆಯ್ತು. ಸ್ಟುಡಿಯೋದವನು ಫೋಟೋ ಇನ್ನೂ ಡೆವಲಪ್ ಆಗಿಲ್ಲ, ನಾಳೆ ಬನ್ನಿ ಎನ್ನುತ್ತಿದ್ದ. ನಾನು ಒಂಬತ್ತನೆಯ ತರಗತಿಯಲ್ಲಿದ್ದೆ, ಅಪ್ಪನ ಕ್ಲಾಸಿನಲ್ಲೇ. ಆ ಪದದ ಕೊನೆಗೆ ನಾವು ಸುಮ್ಮನೆ ಒಂದು ಇಂಗ್ಲಿಷ್ 'ಇ' ಅಕ್ಷರ ಸೇರಿಸಿ ಬರೆಯುತ್ತಿದ್ದೆವು. ಅಪ್ಪ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು, "ಇಲ್ಲದ್ದನ್ನ ಸೇರಿಸಬೇಡಿ" ಎನ್ನುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಆಕೆ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಂದಳು. ಹಿಂದಿನ ದಿನ ಮಗುವನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದಳೆಂದು ನಮಗೆ ಗೊತ್ತಿತ್ತು. ಕಣ್ಣು ಊದಿಕೊಂಡಿತ್ತು. ಬಸ್ಸಿನ ಆಯಾಸ ಇರಬೇಕೆಂದುಕೊಂಡೆವು. ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಮಗುವಿನ ಜೊಲ್ಲು ಒರೆಸಿ, ಅಪ್ಪನನ್ನು ಕೇಳಿದಳು.

"ಮೇಷ್ಟ್ರೇ, ದೊಡ್ಡ ಡಾಕ್ಟ್ರು ಇಂಗ್ಲಿಸಲ್ಲಿ ಅಂದ್ರು. ಡೆವಲಪ್ಮೆಂಟು ಸ್ಲೋ ಅದೆ ಅಂತ. ಅಂಗಂದ್ರೆ ಏನು?"

ಅಪ್ಪ ಓದುತ್ತಿದ್ದ ಪೇಪರನ್ನು ಮಡಚಿದರು. ಮಗುವಿನ ಕಡೆ ನೋಡಿದರು. ಅದು ಎಂದಿನಂತೆ ನಗುತ್ತಿತ್ತು.

"ಬೇರೆ ಏನಾದ್ರೂ ಅಂದ್ರಾ?" ಎಂದು ಕೇಳಿದರು.

"ಅಷ್ಟೇ ಕಣ ಮೇಷ್ಟ್ರೇ. ಬತ್ತಾ ಇರಿ ಅಂದ್ರು."

 ಅಪ್ಪ ಕ್ಲಾಸಿನಲ್ಲಿ ಅರ್ಥ ಹೇಳುವ ದನಿಯಲ್ಲೇ ಹೇಳಿದರು. "ಡೆವಲಪ್‌ಮೆಂಟ್ ಅಂದ್ರೆ ಅಭಿವೃದ್ಧಿ ಕಣಮ್ಮ. ಮುಂದಕ್ಕೆ ಬರೋದು. ಸ್ಲೋ ಅಂದ್ರೆ ನಿಧಾನ."

"ನಿಧಾನಕ್ಕೆ ಮುಂದಕ್ಕೆ ಬತ್ತನೆ ಅಂತ್ಲಾ?"

"ಹೂಂ. ಹಾಗೇ ಅಂದ್ಕೊ."

ಆಕೆಯ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ಮಗುವನ್ನು ಎತ್ತಿ ಎದೆಗೊತ್ತಿಕೊಂಡು, "ಕೇಳುದ್ಯಾ ನನ್ನಪ್ಪಾ, ಮೇಷ್ಟ್ರು ಏನಂದ್ರು ಕೇಳುದ್ಯಾ?" ಎಂದಳು. ಆಮೇಲೆ ತಾನೇ, "ನಿಧಾನಕ್ಕೆ ಬತ್ತನೆ ಅಂದ್ಮ್ಯಾಕೆ ಇನ್ಯಾಕೆ ಮೈಸೂರ್ಗೆ ಅಲೆಯದು, ಅಲ್ವ ಮೇಷ್ಟ್ರೇ?" ಎಂದಳು. ಅಪ್ಪ ಅದಕ್ಕೆ ಹೌದು ಎನ್ನಲಿಲ್ಲ. ಹಾಗಲ್ಲ, ಹೋಗ್ತಾ ಇರು ಎಂದೂ ಹೇಳಲಿಲ್ಲ. ಪೇಪರನ್ನು ಮತ್ತೆ ಬಿಚ್ಚಿದರು.

ಆಕೆ ಹೋದ ಮೇಲೆ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. "ಹಾಗಾದ್ರೆ ಕೂಸು ಸರಿ ಹೋಗುತ್ತಾ?"

"ಇಲ್ಲ. ಡಾಕ್ಟ್ರು ಹೇಳಿರೋದು ಬೇರೆ. ಬೆಳವಣಿಗೆ ಹಿಂದೆ ಬಿದ್ದಿದೆ ಅಂತ ಅದರ ಅರ್ಥ. ಚಿಕಿತ್ಸೆ ಬೇಕಾಗುತ್ತೆ."

"ಮತ್ತೆ ನೀವು ಹಾಗ್ಯಾಕೆ ಹೇಳಿದ್ರಿ?"

ಅಪ್ಪ ಪೇಪರಿನಿಂದ ತಲೆ ಎತ್ತದೆ, "ಅವಳ ಮುಖ ನೋಡಿದ್ಯಾ ನೀನು?" ಎಂದರು. "ಇವತ್ತೊಂದು ದಿನ ಇರಲಿ. ನಾಳೆ ನಾಡಿದ್ದು ಕೂರಿಸ್ಕೊಂಡು ಬಿಡಿಸಿ ಹೇಳ್ತೀನಿ." ನಾನು ಕಂಬಕ್ಕೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ.

ಆದರೆ ಮಾರನೆಯ ದಿನವೇ ಆಕೆ ಬೀದಿಗೆಲ್ಲ ಬೆಲ್ಲ, ಕಡ್ಲೆಪುರಿ ಹಂಚಿದಳು. ನಮ್ಮ ಹೈದ ನಿಧಾನಕ್ಕೆ ಡೆವಲಪ್ ಆಯ್ತನಂತೆ, ಮೇಷ್ಟ್ರು ಅಂದ್ರು ಎಂದು ಮನೆ ಮನೆಗೂ ಹೇಳಿ ಬಂದಳು. ಮಂಡಿಯ ಮಾಲೀಕರಿಗೂ ಕಟ್ಟೆಯ ಮುಂದೆ ನಿಂತು, "ಏನಮ್ಮಿ, ಮಗ ಡೆವಲಪ್ ಆದ್ನಾ?" ಎಂದು ಕೇಳುವುದು ಅಭ್ಯಾಸವಾಯಿತು. "ಆಯ್ತಾವ್ನೆ ಸೋಮಿ, ನಿಧಾನಕ್ಕೆ" ಎನ್ನುತ್ತಿದ್ದಳು. ಅಷ್ಟು ಜನರ ಬಾಯಿಗೆ ಬಿದ್ದ ಮಾತನ್ನು ವಾಪಸು ತೆಗೆದುಕೊಳ್ಳುವುದು ಅಪ್ಪನಿಗೆ ಆಗಲಿಲ್ಲ. ನಾಳೆ ನಾಡಿದ್ದು ಎಂದದ್ದು ವಾರವಾಯಿತು, ತಿಂಗಳಾಯಿತು. ಅಪ್ಪ ಶಾಲೆಯಿಂದ ಮಂಡಿಯ ದಾರಿ ಬಿಟ್ಟು ಸಂದಿಯ ದಾರಿಯಲ್ಲಿ ಬರತೊಡಗಿದರು. ಅಮ್ಮ ಆಕೆ ಕೊಟ್ಟ ಬೆಲ್ಲವನ್ನು ದೇವರ ಮುಂದಿಟ್ಟವಳು ತಿನ್ನಲೂ ಇಲ್ಲ, ನಮಗೆ ಕೊಡಲೂ ಇಲ್ಲ. ಅದು ಅಲ್ಲೇ ಇರುವೆ ಮುತ್ತಿ ಹೋಯಿತು.

ಹೀಗೆ ಒಂದು ವರ್ಷವೇ ಕಳೆಯಿತು, ಇನ್ನೂ ಹೆಚ್ಚೇ ಇರಬೇಕು. ಹುಡುಗ ಉದ್ದವಾದ, ತೂಕ ಹೆಚ್ಚಾದ. ತನ್ನ ಅಕ್ಕನ ಸೊಂಟಕ್ಕೆ ಹೊರೆಯಾದ. ಮೂಟೆಗೆ ಒರಗಿ ಕೂರುವುದೊಂದನ್ನು ಬಿಟ್ಟರೆ ಬೇರೇನೂ ಬರಲಿಲ್ಲ.

ಆಮೇಲೆ ನಮ್ಮ ಶಾಲೆಯ ಮೈದಾನದಲ್ಲಿ ಮಕ್ಕಳ ತಪಾಸಣೆಯ ಕ್ಯಾಂಪು ನಡೆಯಿತು. ಹೊರಗಿನಿಂದ ಡಾಕ್ಟರುಗಳು ಬಂದಿದ್ದರು. ಮೇಷ್ಟ್ರುಗಳಿಗೆ ಹೆಸರು ಬರೆದುಕೊಳ್ಳುವ ಕೆಲಸ, ನಮಗೆ ನೀರು ಕೊಡುವ ಕೆಲಸ. ಈರುಳ್ಳಿ ಅಕ್ಕ ಮಗನನ್ನು ಹೊತ್ತು ತಂದಳು. ಹರವೆಯಿಂದ ಬಂದಿದ್ದ ಅತ್ತೆಯ ಒತ್ತಾಯಕ್ಕೆ ಬಂದಿದ್ದಳಂತೆ. ಆಕೆ ಕೂತ ಬೆಂಚಿನ ಪಕ್ಕದ ಟೇಬಲ್ಲಿನಲ್ಲೇ ಅಪ್ಪ ಇದ್ದರು.

ಡಾಕ್ಟರಮ್ಮ ಹುಡುಗನ ಕಾಲು ಮಡಚಿ, ನೀಡಿ ನೋಡಿದರು. ಕಾಲು ಪೂರ್ತಿ ನೀಡಲಾಗಲಿಲ್ಲ. ಅವರಿಗೆ ಸಿಟ್ಟು ಬಂತು. "ಇಷ್ಟು ದಿನ ಏನು ಮಾಡ್ತಿದ್ರಿ? ಎಲ್ಲೂ ತೋರಿಸ್ಲೇ ಇಲ್ವಾ?"

"ಮೈಸೂರ್ಗೆ ಒಂದ್ಕಿತ ಓಗಿದ್ದೊ."

"ಆಮೇಲೆ?"

"ನಿಧಾನಕ್ಕೆ ಸರಿ ಓಯ್ತದೆ ಅಂತ…"

"ಯಾರು ಹೇಳಿದ್ದು ನಿಧಾನಕ್ಕೆ ಸರಿ ಹೋಗುತ್ತೆ ಅಂತ? ಕಾಲಿನ ನರ ಎಲ್ಲ ಬಿಗಿದುಕೊಂಡಿದೆ ನೋಡಿ. ಆಗಲೇ ಶುರು ಮಾಡಿದ್ರೆ ಎಷ್ಟೋ ಆಗ್ತಿತ್ತು. ಯಾರು ಹೇಳಿದ್ದು?"

ಅಪ್ಪನ ಪೆನ್ನು ನಿಂತಿತು. ಕೈಯಲ್ಲಿ ನೀರಿನ ಜಗ್ಗು ಹಿಡಿದು ನಾನು ಅಲ್ಲೇ ನಿಂತಿದ್ದೆ. ಅಪ್ಪ ಎದ್ದು ನಿಲ್ಲುತ್ತಾರೆ, ನಾನೇ ಹೇಳಿದ್ದು ಎನ್ನುತ್ತಾರೆ ಎಂದು ಕಾದೆ. ಆಕೆ ಒಂದು ಸಲ ಅಪ್ಪನ ಕಡೆ ನೋಡಿದಳು. ತಕ್ಷಣ ಕಣ್ಣು ತೆಗೆದಳು.

"ಯಾರೂ ಅಂದಿಲ್ಲ ಕಣವ್ವ. ನಾನೇ ಅಂದ್ಕಂಡಿದ್ದು."

ಡಾಕ್ಟರಮ್ಮ ಇನ್ನೂ ಏನೇನೋ ಅಂದರು. ಆಕೆ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದಳು. ಅಪ್ಪ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮುಂದಿನವರ ಹೆಸರು ಕೇಳಿದರು. ಆ ಹೊತ್ತಿನಲ್ಲಿ ನನಗೆ ಅಪ್ಪನ ಮುಖ ನೋಡಲಾಗಲಿಲ್ಲ. ಆಕೆಯ ಮುಖವನ್ನೂ ನೋಡಲಾಗಲಿಲ್ಲ. ಜಗ್ಗಿನಲ್ಲಿದ್ದ ನೀರನ್ನೇ ನೋಡುತ್ತ ನಿಂತೆ. ಅಪ್ಪನ ಮಗಳು ಎಂದು ಬೀದಿಯಲ್ಲಿ ತಲೆ ಎತ್ತಿ ಓಡಾಡುತ್ತಿದ್ದವಳು ನಾನು. ಅವತ್ತು ಮನೆಗೆ ಹೋಗುವಾಗ ಅಪ್ಪನಿಗಿಂತ ಹಿಂದೆ ಹಿಂದೆ ನಡೆದೆ, ಜೊತೆಯವರಂತೆ ಕಾಣದ ಹಾಗೆ.

ಆಮೇಲಿನ ದಿನಗಳಲ್ಲಿ ಅಪ್ಪ ಮನೆಯಲ್ಲೂ ಮಾತು ಕಡಿಮೆ ಮಾಡಿದರು. ಜಗಲಿಗೆ ಯಾರಾದರೂ ಇಂಗ್ಲಿಷ್ ಕಾಗದ ತಂದರೆ, "ಕಣ್ಣು ಸರಿಯಿಲ್ಲ, ಬೇರೆಯವರಿಗೆ ತೋರಿಸಿ" ಎಂದು ಕಳಿಸುತ್ತಿದ್ದರು. ಕ್ಲಾಸಿನಲ್ಲಿ ಒಂದು ಪಾಠದಲ್ಲಿ ಅದೇ ಪದ ಬಂತು. ಊರು ಬೆಳೆಯುವುದಕ್ಕೂ ಇದನ್ನೇ ಬಳಸುತ್ತಾರೆ, ಬುದ್ಧಿ ಬೆಳೆಯುವುದಕ್ಕೂ ಇದೇ ಎಂದು ಹೇಳುತ್ತ, "ಮಗು ಬೆಳೆಯೋದಕ್ಕೂ…" ಎಂದವರು ಅಲ್ಲಿಗೆ ನಿಲ್ಲಿಸಿ ಕಿಟಕಿಯ ಹತ್ತಿರ ಹೋದರು. ಹುಡುಗರು ಬರೆದುಕೊಳ್ಳಲು ಕಾಯುತ್ತಿದ್ದರು. ಅವರಿಗೆ ಕಾರಣ ಗೊತ್ತಿರಲಿಲ್ಲ. ನಾನು ಪುಸ್ತಕದೊಳಗೆ ಮುಖ ಹುದುಗಿಸಿದೆ.

ನಾವು ಆಕೆಯಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದರೆ ಆಕೆಯೇ ಒಂದು ಸಂಜೆ ಜಗಲಿಗೆ ಬಂದಳು. ಚಾಮರಾಜನಗರಕ್ಕೆ ಶನಿವಾರ ಮಧ್ಯಾಹ್ನ ಮೈಸೂರಿನಿಂದ ಒಬ್ಬ ಡಾಕ್ಟರು ಬರುತ್ತಾರಂತೆ, ಇಂಥ ಮಕ್ಕಳನ್ನು ನೋಡುತ್ತಾರಂತೆ. ಅವರು ಹೆಚ್ಚಾಗಿ ಇಂಗ್ಲಿಷಿನಲ್ಲೇ ಮಾತಾಡುತ್ತಾರಂತೆ. ಕೂರಲಿಲ್ಲ, ನಿಂತೇ ಕೇಳಿದಳು.

"ಜೊತ್ಗೆ ಬತ್ತೀರಾ ಮೇಷ್ಟ್ರೇ? ಡಾಕ್ಟ್ರು ಏನಂದ್ರೂ ಅಂಗೇ ಅಂದ್ಬುಡಿ. ಇನ್ಮ್ಯಾಕೆ ನಾನು ಎಲ್ಲಾನೂ ಕೇಳ್ಕತಿನಿ."

ಅದು ಅಪ್ಪನಿಗೆ ಚುಚ್ಚಿದ ಮಾತು ಎಂದೇ ನಾನು ಎಷ್ಟೋ ವರ್ಷ ತಿಳಿದಿದ್ದೆ. ಅಪ್ಪನೂ ಹಾಗೇ ತಿಳಿದಿರಬೇಕು. "ಬರ್ತೀನಮ್ಮ" ಎಂದಷ್ಟೇ ಹೇಳಿ ಒಳಗೆ ಹೋದರು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೊರಟರು. ಅಮ್ಮ ನನ್ನನ್ನೂ ಜೊತೆಗೆ ಕಳಿಸಿದಳು. ತೆರಕಣಾಂಬಿಯ ಮೇಲೆ ಹೋಗುವ ಬಸ್ಸು, ನಿಲ್ಲಲೂ ಜಾಗವಿಲ್ಲದಷ್ಟು ಜನ. ಆಕೆ ಮಗನನ್ನು ಹೊತ್ತು ಕಂಬಿ ಹಿಡಿದು ತೂರಾಡುತ್ತಿದ್ದಳು. ಅಪ್ಪನಿಗೆ ಯಾರೋ ಸೀಟು ಬಿಟ್ಟುಕೊಟ್ಟರು. ಅಪ್ಪ ಕೂತು, ಎರಡೂ ಕೈ ಚಾಚಿ ಮಗುವನ್ನು ಇಸಿದುಕೊಂಡರು. ಅದು ಅಪ್ಪನ ಬಿಳಿ ಅಂಗಿಯ ಮೇಲೆ ಜೊಲ್ಲು ಸುರಿಸುತ್ತ ದಾರಿಯುದ್ದಕ್ಕೂ ನಗುತ್ತಿತ್ತು. ಅಪ್ಪ ಒರೆಸಿಕೊಳ್ಳಲಿಲ್ಲ.

ಡಾಕ್ಟರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಹುಡುಗನನ್ನು ನೋಡಿ ಮುಗಿಸಿ ಅಪ್ಪನಿಗೆ ಇಂಗ್ಲಿಷಿನಲ್ಲಿ ಹೇಳಿದರು. ನನಗೂ ಅರ್ಥವಾಯಿತು. ಮಾತು ಬರುವ ಭರವಸೆ ಇಟ್ಟುಕೊಳ್ಳಬೇಡಿ, ಬಂದರೆ ಒಂದೆರಡು ಶಬ್ದ ಬರಬಹುದು. ದಿನವೂ ವ್ಯಾಯಾಮ ಮಾಡಿಸಿದರೆ ಗೋಡೆ ಹಿಡಿದು ನಡೆದಾನು. ಬೇರೆ ಮಕ್ಕಳ ಹಾಗೆ ಆಗುವುದಿಲ್ಲ, ಯಾವತ್ತೂ.

ಅಪ್ಪ ಆಕೆಯ ಕಡೆ ತಿರುಗಿದರು.  ಅಪ್ಪ ಈಗ ಏನನ್ನಾದರೂ ಮೆತ್ತಗೆ ಮಾಡಿ ಹೇಳುತ್ತಾರೆಂದು ನನಗೆ ಭಯವಾಯಿತು. ಆಕೆ ಅವರ ಮುಖವನ್ನೇ ನೋಡುತ್ತಿದ್ದಳು. ಅಪ್ಪ ಒಂದೊಂದೇ ಮಾತನ್ನು, ಡಾಕ್ಟರು ಹೇಳಿದ ಕ್ರಮದಲ್ಲೇ, ಏನೂ ಸೇರಿಸದೆ ಏನೂ ಬಿಡದೆ ಹೇಳಿದರು. "ಯಾವತ್ತೂ" ಎಂಬುದನ್ನೂ ಹೇಳಿದರು. 

ಆಕೆ ಅಳಲಿಲ್ಲ. "ಸರಿ. ಏನ್ ಮಾಡ್ಸಬೇಕು ಅದ್ನ ತೋರ್ಸಕ್ಕೆ ಹೇಳಿ" ಎಂದಳು.

ಅಲ್ಲಿಂದ ಮುಂದೆ ಎಷ್ಟೋ ಶನಿವಾರ ಅಪ್ಪ ಅವರ ಜೊತೆ ಹೋದರು. ನಾನು ಪಿಯುಸಿಗೆ ಮೈಸೂರು ಸೇರಿದ ಮೇಲೂ ಹೋಗುತ್ತಿದ್ದರೆಂದು ಅಮ್ಮ ಹೇಳುತ್ತಿದ್ದಳು. ಆಕೆ ಮಂಡಿಯಲ್ಲಿ ಈರುಳ್ಳಿ ಆಯುತ್ತಲೇ ಎದುರಿಗೆ ಮಗನನ್ನು ನಿಲ್ಲಿಸಿ, ಎರಡು ಮೂಟೆಗಳ ನಡುವೆ ಹೆಜ್ಜೆ ಹಾಕಿಸುತ್ತಿದ್ದಳಂತೆ. ಏಳೆಂಟು ವರ್ಷದವನಾದಾಗ ಅವನು ಗೋಡೆ ಹಿಡಿದು ನಡೆದ. ಅವತ್ತು ಬೀದಿಯಲ್ಲಿ ಯಾರೂ ಬೆಲ್ಲ ಹಂಚಲಿಲ್ಲ. ಆಕೆ ಮಗನನ್ನು ನಮ್ಮ ಮನೆಯ ತನಕ ಗೋಡೆಗುಂಟ ನಡೆಸಿಕೊಂಡು ಬಂದು, ಅಪ್ಪನ ಮುಂದೆ ನಿಲ್ಲಿಸಿ, ಒಂದೂ ಮಾತಾಡದೆ ಹಾಗೇ ನಡೆಸಿಕೊಂಡು ಹೋದಳಂತೆ. ಅಪ್ಪ ಅವತ್ತು ಊಟ ಮಾಡಲಿಲ್ಲವಂತೆ…

ಆಮೇಲೆ ಈರುಳ್ಳಿ ಅಕ್ಕನ ಮನೆಯವರು ಹರವೆಗೆ ಹೋದರು. ಅಪ್ಪನಿಗೆ ವರ್ಗವಾಯಿತು, ನಿವೃತ್ತಿಯಾಯಿತು, ನಾವು ಮೈಸೂರಿಗೆ ಬಂದೆವು. ಕೊನೆಯ ವರ್ಷಗಳಲ್ಲಿ ಅಪ್ಪ ಆಗಾಗ, "ಆ ಹುಡುಗ ಹೇಗಿದ್ದಾನೋ" ಎನ್ನುತ್ತಿದ್ದರು. ಹೋಗಿ ನೋಡಿಕೊಂಡು ಬರೋಣ ಎಂದು ನಾನು ಅನ್ನಲಿಲ್ಲ. ಆ ಮನೆಯ ಮುಂದೆ ಅಪ್ಪ ತಲೆ ತಗ್ಗಿಸಿ ನಿಲ್ಲುವುದನ್ನು ಇನ್ನೊಮ್ಮೆ ನೋಡುವುದು ನನಗೆ ಬೇಡವಾಗಿತ್ತು. ಅಪ್ಪ ತೀರಿಕೊಂಡಾಗ ಅವರಿಗೆ ತಿಳಿಸಲೂ ಇಲ್ಲ.

ಕ್ಲಿನಿಕ್ಕಿನಿಂದ ಬಂದ ವಾರದಲ್ಲೇ ನಾನು ಹರವೆಗೆ ಹೋದೆ. ಕೇಳಿಕೊಂಡು ಮನೆ ಹುಡುಕಿದೆ. ಬಾಗಿಲಿಗೆ ಬಂದವಳು ತಮ್ಮನನ್ನು ಸೊಂಟದ ಮೇಲೆ ಹೊರುತ್ತಿದ್ದ ಆ ಹುಡುಗಿ, ಈಗ ನಲವತ್ತರ ಹತ್ತಿರದ ಹೆಂಗಸು. ಗುರುತು ಹೇಳಿದ ಕೂಡಲೇ ಒಳಗೆ ತಿರುಗಿ, "ಗುಂಡ್ಲುಪೇಟೆ ಮೇಷ್ಟ್ರ ಮಗಳು ಕಣ್ಲಾ" ಎಂದು ಕೂಗಿದಳು. ಒಬ್ಬ ಗಂಡಸು ಗೋಡೆ ಹಿಡಿದುಕೊಂಡು ಹೊರಗೆ ಬಂದ. ಗಡ್ಡ ನೆರೆಯತೊಡಗಿತ್ತು. ನಗು ಮಾತ್ರ ಅದೇ. "ಮೇತ್ರು" ಎಂದ. ನನ್ನ ಹಿಂದೆ ಬೀದಿಯ ಕಡೆ ಕತ್ತು ಚಾಚಿ ನೋಡಿದ.

"ಅವ್ನಿಗೆ ಬರದು ನಾಕೈದು ಮಾತು. ಅದ್ರಲ್ಲಿ ಅದೂ ಒಂದು" ಎಂದಳು ಅವನ ಅಕ್ಕ.

ಅಪ್ಪ ಇಲ್ಲವೆಂದು ಹೇಳಿದೆ. ತನ್ನ ಅವ್ವ, ನಮ್ಮ ಈರುಳ್ಳಿ ಅಕ್ಕ, ತೀರಿಕೊಂಡೂ ವರ್ಷವಾಯಿತೆಂದು ಅವಳು ಹೇಳಿದಳು.  ಆಮೇಲೆ ಅವಳೇ ಮಾತು ತೆಗೆದಳು.

"ಅವ್ವ ಸಾಯೋ ಮುಂಚೆ ಒಂದ್ ಮಾತು ಅಂದ್ಲು ಅಕ್ಕ. ಮೈಸೂರ್ ಡಾಕ್ಟ್ರು ಕನ್ನಡ್ದಲ್ಲೂ ಬುಡ್ಸಿ ಅಂದಿದ್ರಂತೆ. ಕೂಸು ಎಲ್ರಂಗೆ ಬೆಳೆಯಕ್ಕಿಲ್ಲ, ವಾರ ವಾರ ಬರ್ಬೇಕು ಅಂತ. ಬಸ್ಸಲ್ಲೆಲ್ಲ ಅತ್ಕಂಡು ಬಂದ್ಲಂತೆ. ಮೇಷ್ಟ್ರ ಬಾಯಲ್ಲಿ ಬ್ಯಾರೆ ಏನಾದ್ರೂ ಬತ್ತದೇನೋ ಅಂತ ಕನ್ನಡದ್ದೆಲ್ಲ ಬುಟ್ಟು ಆ ಇಂಗ್ಲಿಸ್ ಮಾತೊಂದ್ನೇ ಅವ್ರ ಮುಂದೆ ಇಟ್ಲಂತೆ."

ಅವಳು ತಮ್ಮನ ಬಾಯಿ ಒರೆಸಿ ಮಾತು ಮುಂದುವರಿಸಿದಳು.

"ಏನೂ ಗೊತ್ತಿಲ್ದಿದ್ದ ಮನುಷ್ಯನ ತಲೆಗೆ ಕಟ್ಬುಟ್ಟೆ, ನನ್ನಿಂದ ಅವ್ರು ಎಲ್ರ ಮುಂದೆ ತಲೆ ತಗ್ಸಂಗಾಯ್ತು ಅಂತ ಕೊರಗ್ತಿದ್ಲು. ಮೇಷ್ಟ್ರ ಮುಖ ನೋಡಕ್ಕೆ ನಾಚ್ಕೆ ಆಯ್ತದೆ ಅನ್ನದು." ಅವಳು ನನ್ನ ಕಡೆ ತಿರುಗಿದಳು. "ಪಾಪ, ಮೇಷ್ಟ್ರಿಗೆ ಗೊತ್ತಿರ್ಲಿಲ್ಲ, ಅಲ್ವಾ ಅಕ್ಕ?"

ಇಲ್ಲ ಎಂದುಬಿಡಬಹುದಿತ್ತು. ಅಪ್ಪನ ಮರ್ಯಾದೆ ಉಳಿಯುತ್ತಿತ್ತು.

"ಗೊತ್ತಿತ್ತು" ಎಂದೆ. "ಅವತ್ತೇ ಗೊತ್ತಿತ್ತು. ನಿಮ್ಮವ್ವನ ಮುಖ ನೋಡಿ ಹೇಳೋಕಾಗ್ಲಿಲ್ಲ."

 ಸಿಟ್ಟಾಗುತ್ತಾಳೆ ಎಂದುಕೊಂಡೆ, ಸಿಟ್ಟಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು.

"ಅವ್ವ ಇದ್ದಾಗ ಬಂದು ಇದೊಂದ್ ಮಾತ ಅಂದಿದ್ರೆ ಆಗಿತ್ತು ಅಕ್ಕ."